ಅಂಗಣಕ್ಕೆ ಟೈಲ್ಸ್

ಕಬಡ್ಡಿ ಅಂಗಣಕ್ಕೆ ಸರ್ಕಾರದ ಅನುದಾನ ಬಂದಾಗ ಜೊತೆಗೆ ಒಂದು ಷರತ್ತೂ ಬಂತು. ಕ್ರೀಡೆಯ ಬಾಬ್ತಿನಲ್ಲಿ ದುಡ್ಡಿರಲಿಲ್ಲ, ಪ್ರವಾಸೋದ್ಯಮದ ಬಾಬ್ತಿನಲ್ಲಿ ಇತ್ತು. ಹಾಗಾಗಿ ಸಿಂಗೇನಪಾಳ್ಯದ ಅಂಗಣ ತಮಿಳುನಾಡು ಗಡಿಯಾಚೆಯ ಹೊಸೂರಿನವರನ್ನು ಸೆಳೆಯುವ 'ಗ್ರಾಮೀಣ ಕ್ರೀಡಾ ತಾಣ' ಆಗಬೇಕಿತ್ತು. ಹೊಸೂರಿನಿಂದ ದಿನಾ ಬೆಳಿಗ್ಗೆ ಬಸ್ಸು ತುಂಬ ಜನ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಬರುತ್ತಾರೆ, ಸಂಜೆ ಟ್ರಾಫಿಕ್ಕನ್ನು ಬೈದುಕೊಂಡು ವಾಪಸ್ ಹೋಗುತ್ತಾರೆ. ಅವರು ಭಾನುವಾರವೂ ಅದೇ ರಸ್ತೆ ಹಿಡಿದು ಕಬಡ್ಡಿ ನೋಡಲು ಬರುತ್ತಾರೆಂದು ಯಾರು ನಂಬಿದರೋ ಗೊತ್ತಿಲ್ಲ. ನಂಬಿದವರ ಕೈಯಲ್ಲಿ ದುಡ್ಡಿತ್ತು.

ಮಹಾದೇವಿ ತಕರಾರು ಮಾಡಲಿಲ್ಲ. ಸುರಪುರ ಕಡೆಯ ಅವಳು ಬೊಮ್ಮಸಂದ್ರದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿದ ಬಟ್ಟೆ ನೋಡಿ ಪಾಸು ಮಾಡುವ ಚೆಕ್ಕರ್. ಸಂಜೆ ಹೊತ್ತು ಫ್ಯಾಕ್ಟರಿ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದಳು. ತಾಲ್ಲೂಕು ತಂಡದ ಆಯ್ಕೆ ಪಂದ್ಯ ಈ ಸಲ ಭಾನುವಾರ, ಇದೇ ಅಂಗಣದಲ್ಲಿ. ಅಂಗಣ ಸರಿಯಿಲ್ಲದಿದ್ದರೆ ಪಂದ್ಯ ಬುಧವಾರ ಆನೇಕಲ್‌ಗೆ ಹೋಗುತ್ತದೆ. ಬುಧವಾರ ಫ್ಯಾಕ್ಟರಿಯಲ್ಲಿ ರಜೆ ಸಿಗುವುದಿಲ್ಲ. ಅವಳ ತಂಡದ ರೈಡರ್ ಭುವನೇಶ್ವರಿಗೆ ಕಿರಿಯರ ವಿಭಾಗದಲ್ಲಿ ಆಡಲು ಇದು ಕೊನೆಯ ವರ್ಷ.

ಹುಡುಗಿಯರು ಬೇಸಿಗೆಯೆಲ್ಲ ಕೆರೆಯ ಮಣ್ಣು ಹೊತ್ತು, ಜರಡಿ ಹಿಡಿದು, ಸರಕು ಪೇರಿಸುವ ಮರದ ಪ್ಯಾಲೆಟ್ ಮಾಡುವ ಶೆಡ್ಡಿನಿಂದ ಮರದ ಹೊಟ್ಟು ತಂದು ಬೆರೆಸಿ ಮೆತ್ತಗಿನ ಅಂಗಣ ಮಾಡಿದ್ದರು. ಅನುದಾನ ಕೇಳಿದ್ದು ಬಟ್ಟೆ ಬದಲಿಸುವುದಕ್ಕೆ ಒಂದು ಕೋಣೆ ಬೇಕೆಂದು.

ಗುರುವಾರ ಮಹಾದೇವಿ ಶಿಫ್ಟ್ ಮುಗಿಸಿ ಬಂದು ನೋಡಿದರೆ ಕೋಣೆ ಇಲ್ಲ. ಅಂಗಣದ ತುಂಬ ಕೆಂಪು, ಹಳದಿ ಸಿಮೆಂಟ್ ಟೈಲ್ಸು. ಪಂಚಾಯಿತಿ ಅಧ್ಯಕ್ಷ ರಾಮಾಂಜಿನಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ಏರ್ಪೋರ್ಟ್ ಇದ್ದಂಗೈತೆ ಅಲ್ವಾ?" ಎಂದ.

ಅವನು ತಮಾಷೆ ಮಾಡುತ್ತಿರಲಿಲ್ಲ. ಜಮೀನಿಗೆ ರೇಟು ಬಂದ ಮೇಲೆ ಸಿಂಗೇನಪಾಳ್ಯದಲ್ಲಿ ಮೊದಲು ಗುಡಿಯ ಮುಂದೆ ಟೈಲ್ಸ್ ಬಿತ್ತು, ಆಮೇಲೆ ಅಧ್ಯಕ್ಷನ ಮನೆ ಮುಂದೆ, ಆಮೇಲೆ ವಠಾರ ಕಟ್ಟಿಸಿ ಬಾಡಿಗೆ ತಿನ್ನುವ ಹೆಚ್ಚಿನವರ ಮನೆಗಳ ಮುಂದೆ. ಅಂಗಳದಲ್ಲಿ ಇನ್ನೂ ಮಣ್ಣು ಕಂಡರೆ ಆ ಮನೆ ಮೇಲೆ ಬಂದಿಲ್ಲವೆಂದೇ ಲೆಕ್ಕ. ಹೆಣ್ಣುಮಕ್ಕಳ ಆಟಕ್ಕೂ ಅವನು ಅದೇ ಮರ್ಯಾದೆ ಮಾಡಿದ್ದ. ಪ್ರಚಾರದ ವಿಡಿಯೊ ತೆಗೆಯುವ ಏಜೆನ್ಸಿಯವನು ಧೂಳು ಚೆನ್ನಾಗಿ ಕಾಣುವುದಿಲ್ಲ ಎಂದದ್ದು ಇನ್ನೂ ಅನುಕೂಲವಾಯಿತು.

"ಇದರ ಮ್ಯಾಲ ಹೆಂಗ ಆಡೂದ್ರೀ?" ಎಂದಳು ಮಹಾದೇವಿ.

"ಯಾಕೆ, ಜಾರ್ತದಾ? ಜಾರಲ್ಲ ಕಣಮ್ಮ, ಕೇಳೇ ಹಾಕ್ಸಿದ್ದು."

"ಕಬಡ್ಡಿ ಅಂದ್ರ ಬೀಳೂದ್ರೀ ಯಜಮಾನ್ರ. ಒಬ್ಬಾಕಿ ಮ್ಯಾಲ ಆರು ಮಂದಿ ಬೀಳ್ತಾರ."

"ಬೀಳ್ದಂಗೆ ಆಡ್ಸು."

ಕೀಳಿಸಿ ಎಂದು ಮಹಾದೇವಿ ಎಷ್ಟು ಬಗೆಯಲ್ಲಿ ಕೇಳಿದರೂ ಅವನು ಒಪ್ಪಲಿಲ್ಲ. ಹಾಕಿದ್ದನ್ನು ಕಿತ್ತರೆ ಊರು ನಗುತ್ತದೆ ಎಂದ. ಮಣ್ಣಲ್ಲೇ ಹೊರಳಾಡುತ್ತೇವೆ ಅನ್ನುವವರಿಗೆ ಯಾರು ತಾನೇ ಏನು ಮಾಡಲಾದೀತು ಎಂದು ನೊಂದುಕೊಂಡ.

ಶನಿವಾರ ಫ್ಯಾಕ್ಟರಿಗೆ ರಜೆಯಿತ್ತು, ಬೆಳಿಗ್ಗೆ ಏಜೆನ್ಸಿಯವನು ಕ್ಯಾಮೆರಾ ತಂದ. ಹುಡುಗಿಯರಿಗೆ ಹೂ ಮುಡಿಸಿದ, ನಿಧಾನಕ್ಕೆ ಓಡಿ ಎಂದ, ನಗಿ ಎಂದ. ಭುವನೇಶ್ವರಿ ಕೈ ಮುಗಿದು "ವಾಂಗ, ವಾಂಗ" ಎಂದು ತಮಿಳಿನಲ್ಲಿ ಕರೆಯಬೇಕು. ಅವನಿಗೆ ತೃಪ್ತಿಯಾಗುವವರೆಗೂ ಕರೆದಳು. ಆಮೇಲೆ ಹೂ ಕಿತ್ತು ಬಿಸಾಡಿದಳು.

ಕ್ಯಾಮೆರಾ ಹೋದ ಮೇಲೆ ಮಹಾದೇವಿ ನೇರ ತನ್ನ ಮನೆ ಓನರ್ ಭಾಗ್ಯಮ್ಮನ ಬಳಿ ಹೋದಳು. ಭಾಗ್ಯಮ್ಮ ರಾಮಾಂಜಿನಪ್ಪನ ತಮ್ಮನ ಹೆಂಡತಿ. ಅಣ್ಣತಮ್ಮಂದಿರ ಪಾಲಾದಾಗ ಅಂಗಳವೂ ಎರಡಾಗಿ, ಭಾವನ ಕಡೆಯ ಟೈಲ್ಸು ಗೆರೆ ಎಳೆದ ಹಾಗೆ ನಡುವೆಯೇ ನಿಂತಿತ್ತು. ಅವಳ ಕಡೆ ಮಣ್ಣು. ದಿನಾ ಕಸ ಗುಡಿಸುವಾಗ ಅವಳು ಆ ಗೆರೆಗೆ ಬೈಯುವುದು ವಠಾರಕ್ಕೆಲ್ಲ ಕೇಳುತ್ತಿತ್ತು.

ಅಂಗಣದ ಟೈಲ್ಸು ನಮಗೆ ಬೇಡ, ನಿಮ್ಮ ಅಂಗಳಕ್ಕೆ ಸರಿಹೋಗುತ್ತವೆ, ಒಯ್ಯಿರಿ ಎಂದಳು ಮಹಾದೇವಿ.

"ನಮ್ ಭಾವ ಕೇಳುದ್ರೆ?"

"ಒಬ್ಬರು ಒಯ್ದ್ರ ಕಳವು ಅಕ್ಕಾ. ಊರೆಲ್ಲ ಒಯ್ದ್ರ ಹಂಚಿಕಿ."

ಭಾಗ್ಯಮ್ಮ ಹಾರೆ ತಗೊಂಡು ಹೊರಟಳು. ಸ್ವಲ್ಪ ಹೊತ್ತಿಗೆ ಮಣ್ಣಿನಂಗಳದ ಮನೆಯವರೆಲ್ಲ ಬಾಂಡ್ಲಿ ಹಿಡಿದು ಬಂದರು. ಆಮೇಲೆ ಟೈಲ್ಸಿದ್ದ ಮನೆಯವರೂ ದನದ ಕೊಟ್ಟಿಗೆಗೆ ಆಗುತ್ತದೆಂದು ಬಂದರು. ರಾಮಾಂಜಿನಪ್ಪ ಕೂಗಾಡಿಕೊಂಡು ಓಡಿಬಂದ. ನೋಡಿದರೆ ಸ್ವಂತ ತಮ್ಮನೇ ಹೊರುತ್ತಿದ್ದಾನೆ, ಮುಂದಿನ ಚುನಾವಣೆಯ ಅರ್ಧ ಓಟು ಅಲ್ಲೇ ಬಗ್ಗಿ ನಿಂತಿದೆ. ದನಿ ತಗ್ಗಿಸಿ, "ಮುರೀದಂಗೆ ಕೀಳ್ರೋ" ಎಂದಷ್ಟೇ ಹೇಳಿದ.

ಸಂಜೆಗೆ ಅಂಗಣ ಖಾಲಿಯಾಯಿತು. ಕೆಳಗೆ ಮಣ್ಣಿರಲಿಲ್ಲ, ಜಲ್ಲಿಪುಡಿ ಇತ್ತು. ಹುಡುಗಿಯರು ಜರಡಿ ಹಿಡಿದ ಮಣ್ಣನ್ನು ಟೈಲ್ಸ್ ಹಾಕಿದ ಕಂಟ್ರಾಕ್ಟರ್ ಹೆದ್ದಾರಿಯ ಸ್ವಾಗತ ಕಮಾನಿನ ಕೆಳಗೆ ಹೂವಿನ ಪಾತಿಗೆ ಹಾಕಿಬಿಟ್ಟಿದ್ದ. ಮಹಾದೇವಿ ಜಲ್ಲಿಪುಡಿಯ ಮೇಲೆ ಕೂತು ಸುರಪುರದ ಭಾಷೆಯಲ್ಲಿ ಬಾಯಿತುಂಬ ಬೈದಳು. ಬೈದು ಮುಗಿಸಿ ಎದ್ದಳು.

ಭಾನುವಾರ ಬೆಳಕು ಹರಿಯುತ್ತಲೇ ತಂಡ ಕಮಾನಿನ ಕೆಳಗಿನ ಗಿಡಗಳನ್ನು ಕಿತ್ತು ಬದಿಗಿಟ್ಟು ಮಣ್ಣು ಹೊರಲು ಶುರುಮಾಡಿತು. ಹೆಚ್ಚು ಸಿಗಲಿಲ್ಲ, ಸಿಕ್ಕಿದ್ದನ್ನು ಜಲ್ಲಿಪುಡಿಯ ಮೇಲೆ ಹರಡಿದರು. ತಾಲ್ಲೂಕಿನ ಅಂಪೈರ್ ಶೋಭಾರಾಣಿ ಬಂದು ಹಿಮ್ಮಡಿಯಿಂದ ಒತ್ತಿ ನೋಡಿದರು. ತೀರಾ ತೆಳು, ಯಾರದಾದರೂ ಮೂಳೆ ಮುರಿದರೆ ಹೊಣೆ ನನ್ನದಲ್ಲ, ಬುಧವಾರ ಆನೇಕಲ್‌ಗೆ ಬನ್ನಿ ಎಂದರು.

ಭುವನೇಶ್ವರಿ ಅಂಗಣದ ನಡುವೆ ಹೋಗಿ ಪಕ್ಕೆಯ ಮೇಲೆ ದೊಪ್ಪನೆ ಬಿದ್ದಳು. ಎದ್ದು ಇನ್ನೊಂದು ಪಕ್ಕೆಗೆ ಬಿದ್ದಳು. ತರಚಿದ ಮೊಣಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು. ಶೋಭಾರಾಣಿಗೆ ಅದು ಕಂಡಿತು.

"ಎದುರು ಟೀಮ್ ಒಪ್ಪಿದ್ರೆ ಆಡಿಸ್ತೀನಿ. ಇಲ್ಲಾಂದ್ರೆ ಇಲ್ಲ."

ಜಿಗಣಿಯಿಂದ ಬಂದ ತಂಡದ ನಾಯಕಿ ಅಂಗಣ ನೋಡಿದಳು, ಭುವನೇಶ್ವರಿಯ ಕೈ ನೋಡಿದಳು. ಅವಳೂ ಫ್ಯಾಕ್ಟರಿ ಶಿಫ್ಟಿನವಳೇ.

"ಬುಧವಾರ ನಮಗೂ ರಜೆ ಕೊಡಲ್ಲ ಮೇಡಂ. ಆಡ್ಸಿ."

ಗಡಿಯಾಚೆಯಿಂದ ಒಬ್ಬರೂ ಬಂದಿರಲಿಲ್ಲ. ಸೀಟಿ ಕೂಗಿತು. ಮೊದಲ ರೈಡಿನಲ್ಲೇ ಐದು ಹುಡುಗಿಯರು ಭುವನೇಶ್ವರಿಯ ಮೇಲೆ ಬಿದ್ದರು. ಅವಳು ಉಸಿರು ಬಿಡದೆ, ರಾಶಿಯ ಕೆಳಗಿನಿಂದ ಕೈ ಚಾಚಿ, ನಡುಗೆರೆ ಮುಟ್ಟಿದಳು.