ಸಾವಿನ ಹಾಡಿಗೊಂದು ಹೆಸರು

"ಬಾಯ್ ಬುಡೇ, ಕರಿ ಮುಂಡೆ. ಊರಲ್ಲಿ ಯಾರ್ ಸತ್ರೂ ಗೋಳಾಡ್ತೀಯ, ಈಗೇನ್ ಗಂಟಲಿಗೆ ಮೀನ್ ಮುಳ್ ಸಿಕ್ಕಾಕಂಡೈತಾ?"

ಧಣಿ ಎವೇಲಿಯೊ ದಡದಲ್ಲಿ ನಿಂತು ಕ್ರಿಸಾಂತಾಳನ್ನು ಬೈಯುತ್ತಿದ್ದ. ಸೊಂಟದುದ್ದ ನೀರಿನಲ್ಲಿ ಮರದ ತಟ್ಟೆ ಹಿಡಿದು, ಮರಳು ತೊಳೆದು ಚಿನ್ನ ಹುಡುಕುತ್ತಿದ್ದ ನಾವು ಯಾರೂ ತಲೆ ಎತ್ತಲಿಲ್ಲ. ಚಿನ್ನ ಅವನದು. ನದಿಯೂ ಅವನದೇ ಅಂತೆ. ನೀರಲ್ಲಿ ಕೊಳೆತ ಕಾಲುಗಳು ಮಾತ್ರ ನಮ್ಮವು.

ಅವನ ಪಕ್ಕದಲ್ಲಿ ರಾಜಧಾನಿಯಿಂದ ಬಂದ ಸಂಸ್ಕೃತಿ ಇಲಾಖೆಯ ಸಾಹೇಬ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ. ಭಾನುವಾರ ಧಣಿಯ ಅಂಗಳದಲ್ಲಿ 'ಕಪ್ಪು ಹೆಂಗಸರ ದನಿ' ಅನ್ನುವ ಉತ್ಸವ. ಮಂತ್ರಿ ಬರುತ್ತಾರೆ. ಅವರಿಗೆ ನಮ್ಮ ಸಾವಿನ ಹಾಡು ಬೇಕಂತೆ. ಕ್ರಿಸಾಂತಾ ಸಾಲು ಎತ್ತಿಕೊಡುವವಳು, ನಾವು ದನಿಗೂಡಿಸುವವರು.

"ಎಣ ಇಲ್ದೆ ಆಡಕಾಗಲ್ಲ ಧಣಿ," ಅಂದಳು ಕ್ರಿಸಾಂತಾ. "ಬರೀ ಜಾಗದಲ್ಲಿ ಆಡುದ್ರೆ ಸಾವ್ನ ಕೂಗಿ ಕರದಂಗೆ."

"ಐದು ನಿಮಿಷ ಸಾಕಮ್ಮ," ಸಾಹೇಬ ಹೇಳಿದ. "ಸ್ವಲ್ಪ ನಗ್ತಾ ಹಾಡಿ, ವಿಡಿಯೋದಲ್ಲಿ ಚೆನ್ನಾಗಿ ಬರತ್ತೆ."

ನಗುವ ಹೆಂಗಸೇ ಅವಳು? ಧಣಿಯ ಚಿನ್ನ ತೆಗೆಯುವ ಯಂತ್ರ ನದಿಗೆ ಪಾದರಸದ ವಿಷ ಸುರಿಯುತ್ತಿದೆ ಅಂತ ಅವಳ ಮಗಳು ಲಿಬೋರಿಯಾ ರೇಡಿಯೋದಲ್ಲಿ ಮಾತಾಡಿದಳು. ಆ ವಾರವೇ ಧಣಿಯ ಬಂದೂಕಿನವರು ಅವಳನ್ನು ಮನೆಯಿಂದ ಎಳೆದುಕೊಂಡು ಹೋದರು. ಹೆಣ ಸಿಗಲಿಲ್ಲ. ಹೆಣವಿಲ್ಲದೆ ಹಾಡಿಲ್ಲ, ಹಾಡಿಲ್ಲದೆ ಹೋದ ಜೀವಕ್ಕೆ ದಾರಿಯಿಲ್ಲ. ಮಗಳು ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾಳೆ ಅಂತ ಆ ತಾಯಿ ಪ್ರತಿ ಸಂಜೆ ಅಲ್ಲೊಂದು ಲೋಟ ನೀರಿಡುತ್ತಾಳೆ.

ಸಾಹೇಬ ದೋಣಿ ಹತ್ತಿದ ಮೇಲೆ ಧಣಿ ದನಿ ತಗ್ಗಿಸಿದ. "ಭಾನ್ವಾರ ಬಂದು ಆಡು. ನಿನ್ ಮಗಳು ಎಲ್ಲವ್ಳೆ ಅಂತ ಏಳ್ತೀನಿ."

ಕ್ರಿಸಾಂತಾಳ ಕೈಯಿಂದ ತಟ್ಟೆ ಜಾರಿ ತೇಲಿಹೋಯಿತು. "ಆಡ್ತೀನಿ," ಅಂದಳು.

ಭಾನುವಾರ ಮಧ್ಯಾಹ್ನ ನಮಗೆಲ್ಲ ಬಿಳಿ ಲಂಗ ಹಂಚಿದರು. ಶೋಭೆಗೆ ಅಂತ ವೇದಿಕೆಯ ಮೇಲೊಂದು ಶವಪೆಟ್ಟಿಗೆ ಇಟ್ಟಿದ್ದರು. ಅದರೊಳಗೆ ಐಸು, ಬಿಯರ್ ಬಾಟಲಿ. ಸಾಹೇಬ ಮುಚ್ಚಳ ಎತ್ತಿ ಮಂತ್ರಿಗೊಂದು ತೆಗೆದುಕೊಟ್ಟಾಗ ಎಲ್ಲರೂ ನಕ್ಕರು. ನನಗೆ ಆ ಪೆಟ್ಟಿಗೆಯನ್ನೇ ಅವರ ತಲೆಯ ಮೇಲೆ ಎತ್ತಿಹಾಕಬೇಕು ಅನ್ನಿಸಿತು.

ಕ್ರಿಸಾಂತಾ ಮೊದಲು ಧಣಿಯ ಕುರ್ಚಿಯ ಹತ್ತಿರ ಹೋದಳು. ನಾನು ಅವಳ ಹಿಂದೆಯೇ ಇದ್ದೆ.

"ಎಲ್ಲವ್ಳೆ ಧಣಿ? ಅದೊಂದ್ ಏಳ್ಬುಡಿ, ಬೆಳಗಾಗಗಂಟ ಬೇಕಾದ್ರೂ ಆಡ್ತೀನಿ."

"ಮೀನ್ಗಳ್ನ ಕೇಳು," ಅಂದ ಧಣಿ. "ನೆನ್ನೆ ಸಾರ್ ಮಾಡ್ಕಂಡ್ ಉಂಡ್ಯಲ್ಲ, ಅದುನ್ನ ಕೇಳು. ಓಗು, ಮಂತ್ರಿ ಕಾಯ್ತಾವ್ರೆ."

ಕುಸಿದು ಬೀಳುತ್ತಾಳೆ ಅಂತ ನಾನು ಅವಳ ತೋಳು ಹಿಡಿದೆ. ಅವಳು ಬಿಡಿಸಿಕೊಂಡು ವೇದಿಕೆ ಹತ್ತಿದಳು.

ಸಾವಿನ ಹಾಡಿನ ಮೊದಲ ಸಾಲಿನಲ್ಲೇ ಸತ್ತವರ ಹೆಸರು ಬರಬೇಕು. ಹೆಸರು ಬಿತ್ತೆಂದರೆ ಅರ್ಧಕ್ಕೆ ನಿಲ್ಲಿಸುವಂತಿಲ್ಲ, ಕೇಳಿದ ಗಂಡಸರು ಟೋಪಿ ತೆಗೆಯದೆ ಇರುವಂತಿಲ್ಲ. ಇದು ಈ ದಡದ ಕೂಸಿಗೂ ಗೊತ್ತು. ಧಣಿಗೂ ಗೊತ್ತು. ಅವನಿಗೆ ಮೊಲೆಯೂಡಿಸಿ ಸಾಕಿದವಳು ಕ್ರಿಸಾಂತಾಳ ಅವ್ವನೇ.

"ಹೊರಡೋ ಎವೇಲಿಯೊ," ಅಂತ ಕ್ರಿಸಾಂತಾ ಎತ್ತಿಕೊಂಡಳು, "ಮಣ್ಣು ಕರೀತೈತೆ, ಹೊರಡೋ."

ಉಸಿರಾಡುವವನ ಹೆಸರನ್ನು ನಮ್ಮಲ್ಲಿ ಯಾರೂ ಎಂದೂ ಹಾಡಿದ್ದಿಲ್ಲ. ಆದರೂ ಬಾಯಿ ತೆರೆದೆ. "ಹೊರಡೋ," ಅಂತ ನಾವೆಲ್ಲ ದನಿಗೂಡಿಸಿದೆವು.

ಮಂತ್ರಿ ತೊಡೆಯ ಮೇಲೆ ತಾಳ ಹಾಕಿದ. ಸಾಹೇಬ ಫೋನು ಎತ್ತಿ ಹಿಡಿದ. ಧಣಿ ಒಬ್ಬನೇ ಎದ್ದು ನಿಂತ, ಮುಖದಲ್ಲಿ ರಕ್ತವಿರಲಿಲ್ಲ.

"ನಿಲ್ಸೇ ಸೂಳೆ."

ಕ್ರಿಸಾಂತಾ ಅವನನ್ನೇ ನೋಡುತ್ತಾ ಹಾಡಿದಳು.

"ಒಡೀರ್ಲಾ ಅವಳ್ನ," ಅಂತ ಅವನು ಬಂದೂಕಿನವರತ್ತ ತಿರುಗಿದ.

ಅವರೂ ಈ ದಡದ ಹೆಂಗಸರು ಹೆತ್ತವರೇ. ಲಿಬೋರಿಯಾಳನ್ನು ಎಳೆದೊಯ್ದವನು ಎಲ್ಲರಿಗಿಂತ ಮುಂದೆ ನಿಂತಿದ್ದ. ಬಲಗೈಯಿಂದ ಬಂದೂಕೆತ್ತಿ ಕ್ರಿಸಾಂತಾಳ ಎದೆಗೆ ಗುರಿ ಹಿಡಿದ. ಎಡಗೈಯಿಂದ ತಲೆಯ ಟೋಪಿ ತೆಗೆದ.

ನಾವು ಎರಡನೇ ಸಾಲು ಎತ್ತಿಕೊಂಡೆವು.