ಬಾಡದ ಅಂಗಳದಲ್ಲಿ ಒಣಗಿದ ಪುಸ್ತಕಗಳು

ಆ ವರ್ಷದ ಮಳೆಗೆ ಹಳ್ಳದ ನೀರು ಗ್ರಂಥಾಲಯದೊಳಗೆ ನುಗ್ಗಿತು. ಕೆಳಗಿನ ಸಾಲಿನ ಪುಸ್ತಕಗಳೆಲ್ಲ ನೆನೆದು ಉಬ್ಬಿದವು. ಮಕ್ಕಳ ಪುಸ್ತಕ, ಪರೀಕ್ಷೆಗೆ ಓದುವವರ ಪುಸ್ತಕ, ಹೆಂಗಸರು ಒಯ್ಯುವ ಕಾದಂಬರಿ, ಕೈಗೆ ಸುಲಭವಾಗಿ ಸಿಗಲಿ ಎಂದು ಕೆಳಗಿಟ್ಟಿದ್ದೇ ತಪ್ಪಾಯಿತು.

ಕತಗಾಲ ದಾಟಿ ಶಿರಸಿ ರಸ್ತೆಯಲ್ಲಿ ಸಿಗುವ ಆ ಊರಿಗೆ ಅದೊಂದೇ ಗ್ರಂಥಾಲಯ, ಪಂಚಾಯತಿ ಕಟ್ಟಡದ ಪಕ್ಕದ ಒಂದು ಕೋಣೆ. ನೋಡಿಕೊಳ್ಳುವವಳು ಮಾಲಿನಿ. ಸಮುದ್ರದ ದಂಡೆಯ ಬಾಡದಿಂದ ದಿನಾ ಕುಮಟಾದಲ್ಲಿ ಬಸ್ಸು ಬದಲಿಸಿ ಬರುತ್ತಾಳೆ. ಕಸ ಗುಡಿಸುವುದು, ಬಸ್ಸಿನವನು ಎಸೆದುಹೋದ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುವುದು, ಪುಸ್ತಕ ಕೊಡುವುದು, ವಾಪಸು ಬಂದದ್ದನ್ನು ಜಾಗಕ್ಕೆ ಸೇರಿಸುವುದು, ಶನಿವಾರ ಮಕ್ಕಳಿಗೆ ಕತೆ ಓದಿ ಹೇಳುವುದು, ಎಲ್ಲ ಅವಳೇ.

ಪಂಚಾಯತಿಯ ಅಧಿಕಾರಿ ಜಯಶ್ರೀ ಬಂದು ಒದ್ದೆ ಗೋಡೆ ನೋಡಿದರು.

"ಹಾಲಿನ ಡೇರಿಯವರು ಈ ಕೋಣೆ ಕೇಳ್ತಾ ಇದ್ದಾರೆ ಮಾಲಿನಿ. ಪುಸ್ತಕವೇ ಇಲ್ಲ ಅಂದ್ರೆ ನಾನು ಎಂತ ಹೇಳಿ ತಡೀಲಿ? ದೀಪಾವಳಿ ಕಳೆದ ಮೇಲೆ ನೋಡ್ತೇನೆ. ಜನ ಬಂದು ಪುಸ್ತಕ ಒಯ್ತಾ ಇದ್ರೆ ಗ್ರಂಥಾಲಯ ಇರ್ತದೆ, ಇಲ್ದಿದ್ರೆ ಇಲ್ಲ. ನಿನ್ನ ಕೆಲಸವೂ ಅಷ್ಟೇ."

ಮಾಲಿನಿ ಹಾಳೆಗಳ ನಡುವೆ ಹಳೆಯ ಪತ್ರಿಕೆ ತುರುಕಿ ನೋಡಿದಳು. ಫ್ಯಾನಿನ ಕೆಳಗೆ ಹರಡಿ ನೋಡಿದಳು. ಬೂಷ್ಟು ಹಿಡಿಯತೊಡಗಿತು. ಈ ಊರಿನಲ್ಲಿ ಬಿಸಿಲು ಗುಡ್ಡ ದಾಟಿ ಬರುವುದೇ ತಡವಾಗಿ. ಮಳೆ ಬಿಟ್ಟದ್ದೇ ಅವಳು ಅಣ್ಣನ ಟೆಂಪೊ ತರಿಸಿ ಪುಸ್ತಕಗಳನ್ನೆಲ್ಲ ಬಾಡಕ್ಕೆ ಒಯ್ದಳು. ಅಲ್ಲಿ ಬಿಸಿಲಿತ್ತು, ಗಾಳಿಯಿತ್ತು, ಒಣಗಿಸಲು ಅಂಗಳವಿತ್ತು.

ಅವ್ವ ಗಂಗಿ ಮೀನು ಒಣಗಿಸಿ ಮಾರುವವಳು. ಅಂಗಳದ ಒಂದು ಬದಿಯ ಮೀನನ್ನು ಗುಡಿಸಿ ಜಾಗ ಮಾಡಿಕೊಟ್ಟಳು.

"ಎಂತದೇ ಇದು, ಇಷ್ಟ್ ಪುಸ್ತಕ ಓದೂಕೆ ಯಾರ್ ಬತ್ರು?"

"ಬತ್ರು. ನೀ ಉಪ್ಪು ಮಾತ್ರ ಹಾಕ್ಬೇಡ."

"ಉಪ್ಪು ಹಾಕಿದ್ರೆ ಮುಂದಿನ ಮಳಿಗೂ ಹಾಳಾಗೂದಿಲ್ಲ, ನೋಡ್."

ಕಾಗೆ ಬಾರದಂತೆ ಮೀನಿನ ಮೇಲೆ ಹಾಸುವ ಬಲೆಯನ್ನೇ ಪುಸ್ತಕದ ಮೇಲೂ ಹಾಸಿದರು, ಹಾಳೆ ಹಾರಬಾರದೆಂದು. ಅವ್ವ ಮೀನು ಮಗುಚುವಾಗ ಪುಸ್ತಕವನ್ನೂ ಮಗುಚಿದಳು. ವಾರ ಕಳೆಯುವಷ್ಟರಲ್ಲಿ ಎಲ್ಲ ಗರಿಗರಿಯಾದವು. ಮಾಲಿನಿ ಒಂದನ್ನು ಎತ್ತಿ ಮೂಗಿಗೆ ಹಿಡಿದು ನೋಡಿದಳು. ಬೂಷ್ಟಿನ ವಾಸನೆ ಇರಲಿಲ್ಲ. ಬೇರೆ ಯಾವ ವಾಸನೆಯೂ ಅವಳಿಗೆ ಬರಲಿಲ್ಲ. ಹುಟ್ಟಿದಂದಿನಿಂದ ಆ ಅಂಗಳದ ಗಾಳಿಯನ್ನೇ ಉಸಿರಾಡಿದವಳು.

ಗ್ರಂಥಾಲಯದ ಊರು ಮೀನು ತಿನ್ನದವರದು; ನಾಲ್ಕು ವರ್ಷದಿಂದ ಅವಳು ಅಲ್ಲಿಗೆ ಊಟದ ಡಬ್ಬಿಯಲ್ಲಿ ಮೀನು ಒಯ್ದವಳಲ್ಲ. ಯಾರೂ ಒಯ್ಯಬೇಡ ಎಂದಿರಲಿಲ್ಲ. ಮೊಸರನ್ನ, ಉಪ್ಪಿನಕಾಯಿ ಅಷ್ಟೇ. ಅಷ್ಟು ಎಚ್ಚರದಲ್ಲಿದ್ದವಳು ಪುಸ್ತಕಗಳನ್ನು ಗ್ರಂಥಾಲಯಕ್ಕೆ ವಾಪಸು ತಂದು, ಮತ್ತೆ ಸಾಲಾಗಿ ಜೋಡಿಸಿ, ಬಾಗಿಲು ತೆರೆದು, ಕಾದು ಕುಳಿತಳು.

ಮೊದಲ ದಿನ ಬಂದವರು ಒಳಗೆ ಕಾಲಿಟ್ಟವರೇ ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು. ಪತ್ರಿಕೆಯನ್ನು ಹೊರಗಿನ ಕಟ್ಟೆಗೆ ಒಯ್ದು ಓದಿದರು. ಒಬ್ಬ ಹೆಂಗಸು ಕಾದಂಬರಿ ತೆಗೆದಳು, ಬಿಡಿಸಿದಳು, ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ಇಟ್ಟಳು. "ಇದು ಓದಿದ್ದೇಯ" ಎಂದಳು. ಅದು ಅವಳು ಮಳೆಗಾಲದ ಮೊದಲಿನಿಂದ ಕೇಳುತ್ತಿದ್ದ ಪುಸ್ತಕ.

ಶನಿವಾರ ಮಕ್ಕಳು ಬಂದರು. ಮಕ್ಕಳಿಗೆ ನಾಚಿಕೆಯಿಲ್ಲ. ಮೂಗು ಹಿಡಿದುಕೊಂಡು ಮೂಗಿನಲ್ಲೇ ಮಾತಾಡುತ್ತ ನಕ್ಕರು. ಮಾಲಿನಿಗೆ ಆಗ ತಿಳಿಯಿತು. ಪುಸ್ತಕವನ್ನು ಮುಖಕ್ಕೆ ಹಿಡಿದು ಕತೆ ಕೊನೆಯವರೆಗೆ ಓದಿದಳು. ಮುಂದಿನ ಶನಿವಾರ ಇಬ್ಬರು ಬಂದರು. ಅದರ ಮುಂದಿನ ಶನಿವಾರ ಯಾರೂ ಬರಲಿಲ್ಲ.

ಅವಳು ಕರ್ಪೂರ ಇಟ್ಟಳು, ಬೇವಿನ ಸೊಪ್ಪು ಇಟ್ಟಳು. ಕರ್ಪೂರವೂ ಮೀನೂ ಕೂಡಿ ಇನ್ನೂ ಕೆಟ್ಟದಾಯಿತು ಎಂದು ಹೇಳಿದವಳು ಅಂಕಿತಾ. ಡಿಗ್ರಿ ಮುಗಿಸಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಈ ತೋಟದ ಮನೆಯ ಹುಡುಗಿ ಒಬ್ಬಳೇ ಪುಸ್ತಕ ಒಯ್ಯುತ್ತಿದ್ದಳು.

"ಮನೇಲಿ ಎಂತ ಹೇಳೂದಿಲ್ವನೆ?" ಎಂದು ಮಾಲಿನಿ ಕೇಳಿದಳು.

"ಅಜ್ಜಿ ಒಳಗೆ ತರಲೆ ಬಿಡ್ತಿಲ್ಲೆ ಅಕ್ಕಾ. ಕೊಟ್ಟಿಗೇಲಿ ಇಟ್ಟಿದ್ದೆ."

"ದನ ಓದ್ತೋ ಎಂತ?"

"ಒಂದು ಪಾಠ ತಿಂದು ಹಾಕಿದ್ದು," ಎಂದು ಅಂಕಿತಾ ನಕ್ಕಳು. ಮಾಲಿನಿಯೂ ನಕ್ಕಳು. ಪುಸ್ತಕ ವಾಪಸು ಬಂದಾಗ ಮೂಲೆ ಹರಿದಿತ್ತು, ಸಗಣಿ ಮೆತ್ತಿತ್ತು. ಆ ವಾಸನೆಗೆ ಯಾರೂ ಏನೂ ಅನ್ನಲಿಲ್ಲ.

ದೀಪಾವಳಿ ಕಳೆಯಿತು. ಜಯಶ್ರೀ ಹೇಳಿದಂತೆ ಬಂದರು. ಗ್ರಂಥಾಲಯ ಸಮಿತಿಯ ನಾಗಭೂಷಣ ಹೆಗಡೆ ಮಾಸ್ತರರು ಬಂದರು, ನಿವೃತ್ತರು, ಮಾಲಿನಿಗೆ ಈ ಕೆಲಸ ಸಿಕ್ಕಾಗ ಪೇಡೆ ಹಂಚಿದವರು. ಊರಿನ ಐದಾರು ಜನ ಬಂದರು. ಅಂಕಿತಾಳೂ ಬಂದಳು. ಕುರ್ಚಿಗಳನ್ನು ಬಾಗಿಲ ಹತ್ತಿರ ಎಳೆದುಕೊಂಡು ಕೂತರು.

"ಪುಸ್ತಕಕ್ಕೆ ಬೂಷ್ಟು ಬಂದದೆ," ಎಂದರು ಮಾಸ್ತರರು. "ಮಕ್ಕಳಿಗೆ ಅಲರ್ಜಿ ಆಗ್ತದೆ. ಮಾಲಿನಿ ಕಷ್ಟಪಟ್ಟಿದ್ದಾಳೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇವನ್ನ ತೆಗೆದುಹಾಕೂದೇ ಒಳ್ಳೇದು."

"ಬೂಷ್ಟು ಎಲ್ಲಿದೆ ತೋರಿಸಿ ಸರ್," ಎಂದಳು ಮಾಲಿನಿ.

"ಕಣ್ಣಿಗೆ ಕಾಣೂದಿಲ್ಲ ತಂಗಿ."

"ಮೀನಿನ ವಾಸನೆ ಬತ್ತದೆ ಅಂತ ಹೇಳಿ. ಸುಮ್ಮನೆ ಬೂಷ್ಟು ಯಾಕೆ?"

ಮಾಸ್ತರರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಛೆ ಛೆ, ನಾವು ಹಾಂಗೆಲ್ಲ ನೋಡುವವರಲ್ಲ" ಎಂದರು. ಆಮೇಲೆ ಅಂಕಿತಾಳ ಕಡೆ ತಿರುಗಿದರು. "ನೀ ದಿನಾ ಬತ್ತೆ ಅಲ್ದಾ, ನೀ ಎಂತ ಹೇಳ್ತೆ ತಂಗಿ?"

ಮಾಲಿನಿ ಅವಳನ್ನು ನೋಡಿದಳು. ಅವಳ ಮಾತೊಂದರಿಂದ ಕೋಣೆ ಉಳಿಯುತ್ತದೆ ಎಂದಲ್ಲ. ಆದರೂ ನೋಡಿದಳು.

"ಯಂಗೆಂತೂ ಗೊತ್ತಿಲ್ಲೆ ಮಾವ," ಎಂದಳು ಅಂಕಿತಾ, ನೆಲ ನೋಡುತ್ತ.

"ಆತು ಹಾಗಾದ್ರೆ," ಎಂದರು ಜಯಶ್ರೀ.

ಪುಸ್ತಕಗಳ ಮೊದಲ ಪುಟಕ್ಕೆ 'ರದ್ದು' ಎಂಬ ಮುದ್ರೆ ಒತ್ತುವುದು ನಿಯಮ. ಮಾಲಿನಿ ಎರಡು ದಿನ ಕೂತು ಒತ್ತಿದಳು. ಶಾಯಿ ಮುಗಿದಾಗ ಪಂಚಾಯತಿಗೆ ಹೋಗಿ ತಂದಳು. ಗುಜರಿಯವನು ಬಂದು ತೂಕ ಹಾಕಿದ. ಅವನಿಗೆ ವಾಸನೆ ಬಂತೋ ಇಲ್ಲವೋ, ಚೀಲ ಕಟ್ಟಿ ಹೊತ್ತುಕೊಂಡು ಹೋದ. ಮೇಲಿನ ಸಾಲಿನಲ್ಲಿ ನೀರು ಮುಟ್ಟದ ಪುಸ್ತಕಗಳಿದ್ದವು, ದಪ್ಪ ದಪ್ಪ ಕಾಯಿದೆಯವು, ವರದಿಗಳು. ಅವನ್ನು ಮೊದಲೂ ಯಾರೂ ಒಯ್ದವರಲ್ಲ. ಅವು ಪಂಚಾಯತಿಯ ಕಪಾಟಿಗೆ ಹೋದವು.

ಕೊನೆಯ ದಿನ ಅಂಕಿತಾ ಬಂದಳು. ಬಾಗಿಲ ಹೊರಗೇ ನಿಂತಳು.

"ಅಕ್ಕಾ, ಬೇಜಾರ ಮಾಡಿಕ್ಯಳಡಿ."

"ನಿಂದು ಪರೀಕ್ಷೆ ಯಾವಾಗ?"

"ಬಪ್ಪ ತಿಂಗಳು."

"ಚೆನ್ನಾಗಿ ಬರಿ," ಎಂದಳು ಮಾಲಿನಿ. ಅಂಕಿತಾ ತಲೆಯಾಡಿಸಿ ಹೋದಳು.

ಡೇರಿಯವರು ಹೊರಗೆ ಹಾಲಿನ ಕ್ಯಾನು ಇಳಿಸುತ್ತಿದ್ದರು. ಮಧ್ಯಾಹ್ನವಾಗಿತ್ತು. ಮಾಲಿನಿ ಪತ್ರಿಕೆಯ ಮೇಜನ್ನು ಒರೆಸಿ ಡಬ್ಬಿ ಬಿಚ್ಚಿದಳು. ಅನ್ನ, ಒಣ ಸಿಗಡಿ ಚಟ್ನಿ. ಬೆಳಿಗ್ಗೆ ಅವ್ವನ ಹತ್ತಿರ ಹೇಳಿ ಮಾಡಿಸಿಕೊಂಡು ಬಂದದ್ದು. ನಾಲ್ಕು ವರ್ಷದಲ್ಲಿ ಮೊದಲ ಸಲ.

ಮುಚ್ಚಳ ತೆಗೆದಿಟ್ಟು ಬಾಗಿಲ ಕಡೆ ನೋಡಿದಳು. ಮೂಗು ಮುಚ್ಚಿಕೊಳ್ಳಲೂ ಅಲ್ಲಿ ಯಾರೂ ಇರಲಿಲ್ಲ. ಎರಡು ತುತ್ತು ತಿಂದಳು. ಚಟ್ನಿಗೆ ಉಪ್ಪು ಹೆಚ್ಚಾಗಿತ್ತು.