ದೇಗಚಿಯ ಕಲೆ

“ತಿಕ್ಕಬ್ಯಾಡ್ರಿ ಚಾಚಿ! ಕೈ ತೆಗೀರಿ!”

ಬಟ್ಟಲು ವಾಪಸು ಕೊಡಲು ಬಂದ ಮಹಾಮಾಯಾ ಅಡುಗೆಮನೆಯ ಹೊಸ್ತಿಲಲ್ಲೇ ಕೂಗಿದಳು. ಭಾಲ್ಕಿಯ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಈ ಬಾಡಿಗೆ ಕೋಣೆಯ ಹುಡುಗಿ ಎರಡು ತಿಂಗಳಲ್ಲಿ ದನಿ ಎತ್ತಿದ್ದು ಇದೇ ಮೊದಲು. ಮುನ್ನಿಬೀ ಬೂದಿ ಹತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದಳು.

ಒಲೆಯ ಪಕ್ಕದ ಶಹಾಬಾದ ಫರಸಿಕಲ್ಲಿನ ಮೇಲೆ ತಟ್ಟೆಯಗಲದ ದುಂಡನೆಯ ಗುರುತು, ಒಳಗೊಳಗೆ ಬಳೆಯಂಥ ಸುತ್ತುಗಳು. ಔರಾದಿನಿಂದ ಬೀದರಿಗೆ ಸೊಸೆಯಾಗಿ ಬಂದ ಮೂರನೆಯ ದಿನ ಮುನ್ನಿಬೀ ಹೊಸ ನೆಲದ ಮೇಲೆ ಕುದಿಯುವ ಬೇಳೆಯ ದೇಗಚಿ ಇಳಿಸಿದ್ದಳು. ಎತ್ತಿದಾಗ ಅತ್ತೆಯ ಕಣ್ಣಿಗೆ ಕಲೆ ಬಿತ್ತು. ಆಮೇಲೆ ಬಂದವರಿಗೆಲ್ಲ ಅತ್ತೆ ಮೊದಲು ನೀರು ಕೊಟ್ಟು, ನಂತರ ಕಲೆ ತೋರಿಸುತ್ತಿದ್ದಳು. ಅಂದಿನಿಂದ ಮುನ್ನಿಬೀ ಬಟ್ಟೆಯ ಸಿಂಬಿಯಿಲ್ಲದೆ ನೆಲಕ್ಕೆ ಪಾತ್ರೆ ಇಟ್ಟವಳಲ್ಲ. ಅತ್ತೆ ತೀರಿ ಹನ್ನೆರಡು ವರ್ಷವಾದರೂ ಪ್ರತಿ ಶುಕ್ರವಾರ ಕಲೆ ತಿಕ್ಕುವುದು ನಿಂತಿರಲಿಲ್ಲ.

ಮಹಾಮಾಯಾ ಮೊಣಕಾಲೂರಿ ಸುತ್ತುಗಳ ಮೇಲೆ ಬೆರಳಾಡಿಸಿದಳು. “ಇದು ಕಲೆ ಅಲ್ಲರಿ. ಸಮುದ್ರದ ಜೀವ ಇದ್ದಂಗ ಅದ. ಜೆಲ್ಲಿ ಮೀನು. ಎಲುಬಿಲ್ಲ, ನೀರಾಗ ಛತ್ರಿ ಬಿಚ್ಚಿದಂಗ ತೇಲ್ತದ. ಸತ್ತರ ಗುರುತೂ ಉಳಿಯಂಗಿಲ್ಲ. ಎಲ್ಲೋ ಒಂದು ಹಿಂಗ ಕೆಸರಿನಾಗ ಅಚ್ಚಾಗಿ ಕಲ್ಲಾಗ್ತದ. ಪೂರಾ ನೋಡಿ ಹೇಳಬೇಕರಿ. ಆದ್ರ ನೀವು ತಿಕ್ಕಿ ತಿಕ್ಕಿ ಅರ್ಧ ಸವೆಸೀರಿ.”

“ಯಾ ಅಲ್ಲಾ! ನಾ ಕೊಂದೆ ಅಂತೀಯೇನು?”

“ಸತ್ತು ಐವತ್ತು ಕೋಟಿ ವರ್ಷದ ಮ್ಯಾಲ ಆಗ್ಯದರಿ.”

ಮುನ್ನಿಬೀಗೆ ಕೋಟಿಗಳ ಮೇಲೆ ಆಸಕ್ತಿ ಇರಲಿಲ್ಲ. “ಅಂದ್ರ ನನ್ನ ದೇಗಚಿದ್ದಲ್ಲ?”

“ಅಲ್ಲರಿ. ಕಲ್ಲಿನಾಗೇ ಇತ್ತು.”

ಆ ಮನೆಯ ಜಗಳಗಳು ದಖನಿ ಉರ್ದುವಿನಲ್ಲಿ ನಡೆಯುವುದು ರೂಢಿ. ಸಾಕ್ಷಿ ಬೇಕಾದಾಗ ಮಾತ್ರ ಕನ್ನಡ. ಮುನ್ನಿಬೀ ಗೋಡೆಗೊರಗಿ ಚಹಾ ಕುಡಿಯುತ್ತಿದ್ದ ಗಂಡನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು. “ಏನ್ರಿ, ಈ ಫರಸಿ ಹಾಸಿದವರು ನೀವು.”

ಊರೆಲ್ಲ ಫರಸಿ ಹಾಸಿ ಮೊಣಕಾಲು ಸವೆಸಿಕೊಂಡ ಲಾಲ ಅಹ್ಮದ ಚಹಾದ ಕಪ್ಪನ್ನು ಬದಿಗಿಟ್ಟ.

“ಗುರುತು ಅದ ಅಂತ ಗಾಂಧಿ ಗಂಜದ ಸೇಠ ಬ್ಯಾಡಂದ ಕಲ್ಲು ಅದು. ಮಂದಿ ಬಿಟ್ಟಿದ್ದು ತಂದೆ ಅಂದ್ರ ಅಮ್ಮಾ ಬಿಡ್ತಿದ್ದಳೇನು? ಮ್ಯಾಲ ಸಿಮೆಂಟಿನ ನೀರು ಬಳದಿದ್ದೆ. ತೊಳದಂಗ ತೊಳದಂಗ ಎದ್ದು ಕಂಡದ. ಅಷ್ಟರಾಗ ನೀ ದೇಗಚಿ ಇಟ್ಟಿ.”

“ಮೂವತ್ತೆಂಟು ವರ್ಷ!”

“ಇವತ್ತು ಹೇಳ್ತೇನಿ, ನಾಳಿ ಹೇಳ್ತೇನಿ ಅಂತ…”

ಹೇಳುವ ಬದಲು ಪ್ರತಿ ರಂಜಾನಿಗೆ ಸೀರೆಯ ಜೊತೆ ಅವನು ನೆಲ ತಿಕ್ಕಲು ನುಣುಪಾದ ಪಾಲಿಶ್ ಕಲ್ಲೊಂದನ್ನು ತಂದುಕೊಡುತ್ತಿದ್ದ. ಕೈ ನೋಯಬಾರದೆಂದು ಅದಕ್ಕೆ ಬಟ್ಟೆ ಸುತ್ತಿರುತ್ತಿದ್ದ. ಅವನ್ನೆಲ್ಲ ಅವಳು ಪ್ರೀತಿಯ ಲೆಕ್ಕಕ್ಕೇ ಹಾಕಿಕೊಂಡಿದ್ದಳು.

“ಅತ್ತಿ ಇರಬೇಕಿತ್ತು,” ಎಂದಳು ಮುನ್ನಿಬೀ ಮೆಲ್ಲಗೆ.

ಒಲೆಯ ಮೇಲೆ ಬೇಳೆ ಉಕ್ಕತೊಡಗಿತು. ಅವಳು ಕೈ ತೊಳೆದು, ಸೆರಗಿನಲ್ಲಿ ದೇಗಚಿ ಹಿಡಿದಳು. ಮಹಾಮಾಯಾ ಸಿಂಬಿ ಚಾಚಿದಳು, ಅವಳು ತೆಗೆದುಕೊಳ್ಳಲಿಲ್ಲ. ಸುತ್ತುಗಳನ್ನು ದಾಟಿ, ಪಕ್ಕದ ಬರಿಯ ಫರಸಿಯ ಮೇಲೆ ದೇಗಚಿ ಇಟ್ಟು, ಎದುರು ಕುಳಿತಳು. ಲಾಲ ಅಹ್ಮದ ಕಾಲು ಹಿಂದಕ್ಕೆಳೆದುಕೊಂಡ.

ಸ್ವಲ್ಪ ಹೊತ್ತಾದ ಮೇಲೆ ಎತ್ತಿದಳು. ಅಡಿಯಲ್ಲಿ ಹಬೆಯ ಒಂದು ತೆಳು ಉಂಗುರವಿತ್ತು. ಮೂವರೂ ನೋಡುತ್ತಿದ್ದಂತೆಯೇ ಅದು ಆರಿಹೋಯಿತು.